ಎಂಟೂ ನಲವತ್ತರ ಬಸ್ಸು

ಗುಂಡ್ಲುಪೇಟೆ, ೯-೩-೧೯೫೪, ಮಂಗಳವಾರ.

ಸಂಜೆ ನನ್ನ ಹಳೆಯ ಶಿಷ್ಯ ಶಾಂತಮಲ್ಲಪ್ಪ ಜಗುಲಿಯಲ್ಲಿ ಕುಳಿತು, "ಮೇಷ್ಟ್ರೇ, ನಾಳೆ ಮೈಸೂರಿಂದ ಬರೋ ಮೊದಲ್ನೇ ಬಸ್ಸು ಒಂಬತ್ತಕ್ಕಲ್ವಾ?" ಎಂದ.

"ಎಂಟೂ ನಲವತ್ತಕ್ಕೆ ಕಣೋ. ಇನ್ನೂ ಅಂದಾಜಿನಲ್ಲೇ ಉತ್ತರ ಹೇಳುತ್ತೀಯಾ?" ಎಂದು ತಿದ್ದಿದೆ.

"ನೀವು ತಿದ್ದದಿದ್ರೆ ಕೈ ತಪ್ಪೋಗದು ಬುಡಿ," ಎಂದು ನಕ್ಕು, ಕಾಲಿಗೆ ನಮಸ್ಕರಿಸಿ ಹೋದ.

ಅವನ ತಮ್ಮನನ್ನು ಕೊಚ್ಚಿ ಕೊಂದ ದಾಯಾದಿ ಪುಟ್ಟಬಸಪ್ಪ ಸೆರೆಮನೆಯಿಂದ ಬಿಡುಗಡೆಯಾಗಿ ನಾಳೆ ಆ ಬಸ್ಸಿನಲ್ಲೇ ಬರುತ್ತಾನೆ. ಅದು ನನಗೂ ಗೊತ್ತಿತ್ತು. ಏಳು ವರ್ಷದ ಹಿಂದೆ, "ಮಚ್ಚು ಕೆಳಗಿಡು, ಕೋರ್ಟು ಇದೆ" ಎಂದು ಶಾಂತಮಲ್ಲಪ್ಪನನ್ನು ತಡೆದವನು ನಾನೇ. ಸತ್ತವನೂ ನನ್ನ ಶಿಷ್ಯನೇ. ಏಳು ವರ್ಷ ಸಾಕೆಂದು ಕೋರ್ಟಿಗೆ ಅನ್ನಿಸಿತು, ನನಗೆ ಅನ್ನಿಸಿಲ್ಲ.

ಅಭ್ಯಾಸಬಲದಿಂದ ತಿದ್ದಿದೆ ಎಂದು ಬರೆಯಲು ಹೊರಟೆ, ಕೈ ಬರೆಯಲಿಲ್ಲ.

ಶಾಂತಮಲ್ಲಪ್ಪನ ಮನೆ ಎರಡೇ ಬೀದಿ ಆಚೆ. ಚಪ್ಪಲಿ ಮೆಟ್ಟಿ ಕುಳಿತಿದ್ದೇನೆ. ಇನ್ನೂ ಎದ್ದಿಲ್ಲ.