ಕೊಟ್ರಜ್ಜಿಯ ಮೊರ

ದಾವಣಗೆರೆ, ಇಸವಿ ಎರಡು ಸಾವಿರದ ನೂರ ನಲವತ್ತೆಂಟು, ಎರಡನೇ ಬೇಸಿಗೆಯ ಒಂಬತ್ತನೇ ದಿನ.

ಕೊಟ್ರಜ್ಜಿಗೆ ನಿನ್ನ ಮರಿಮಗಳ ಮಗಳು ಹೊನ್ನೂರಮ್ಮ ಮಾಡುವ ನಮಸ್ಕಾರ. ಎರಡನೇ ಬೇಸಿಗೆ ಯಾವುದು ಎಂದು ಹುಬ್ಬೇರಿಸಬೇಡ, ನಮ್ಮಲ್ಲೀಗ ವರ್ಷಕ್ಕೆ ಎರಡು ಬರುತ್ತವೆ. ನನ್ನ ಮಾತು ಅಲ್ಲಲ್ಲಿ ಒಡ್ಡೊಡ್ಡಾಗಿ ಕಂಡರೆ ಕ್ಷಮಿಸು. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತೊಟ್ಟಿಲುಗಳಿಗೆ ಕಟ್ಟಿದ ಕೂಸುಗಳ ಹೆಸರಿನ ಚೀಟಿ ಓದಿ ಅಕ್ಷರ ಕಲಿತವಳು.

ನೂರಿಪ್ಪತ್ತು ವರ್ಷ ಹಿಂದಕ್ಕೆ ಕಳಿಸುತ್ತಿರುವ ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ, ಮಂಡಕ್ಕಿ ಭಟ್ಟಿಗಳ ಸಾಲಿನ ತಗಡಿನ ಶೆಡ್ಡಿನಲ್ಲಿ ನೀನು ಕೂಸುಗಳಿಗೆಂದು ಸೀರೆಯ ಹದಿನಾಲ್ಕು ಜೋಳಿಗೆ ಕಟ್ಟಿರುತ್ತೀಯ. ಭಟ್ಟಿಯ ಹೆಂಗಸರು ಕೂಸುಗಳನ್ನು ಹೊಗೆಯಲ್ಲಿ ಮಲಗಿಸಬಾರದು ಎಂದು ನೀನು ಶುರು ಮಾಡಿದ ‘ತೊಟ್ಟಿಲು ಬಳಗ’ ಈಗ ಅರವತ್ತು ಊರುಗಳಲ್ಲಿದೆ. ಭಟ್ಟಿಗಳು ಹೋಗಿ ಬಿಸಿಲೊಲೆಗಳು ಬಂದಿವೆ. ಮನೆಯಷ್ಟು ಎತ್ತರದ ಕನ್ನಡಿಗಳು ಬಿಸಿಲನ್ನು ಬಾಣಲೆಗೆ ಬಗ್ಗಿಸುತ್ತವೆ, ಅಕ್ಕಿ ಹೊಗೆಯಿಲ್ಲದೆ ಅರಳುತ್ತದೆ. ಮಂಡಕ್ಕಿಯ ರುಚಿ ಹಾಗೇ ಇದೆ, ಮೆಣಸಿನಕಾಯಿಯ ಖಾರ ಮಾತ್ರ ಸತ್ತಿದೆ. ಬೆಳಿಗ್ಗೆ ಐದಕ್ಕೇ ತಾಯಂದಿರು ಸಾಲು ಹಚ್ಚುತ್ತಾರೆ. ಕೂಸುಗಳ ಅಳು, ಕಾದ ಹಾಲಿನ ವಾಸನೆ, ಅಡುಗೆಮನೆಯ ಫಕೀರವ್ವನ ಬೈಗುಳ, ಇವೆಲ್ಲ ನಿನ್ನ ಕಾಲದಿಂದ ಬದಲಾಗಿರಲಿಕ್ಕಿಲ್ಲ.

ಹೇಳಬೇಕಾದದ್ದು ಬೇರೆ. ನಾನು ಇಪ್ಪತ್ತು ವರ್ಷದಿಂದ ಬಳಗದ ಹಿರಿಯಳು. ಕಾಲು ಸೋತಿವೆ, ನಾಳೆ ಮಹಾಸಭೆಯಲ್ಲಿ ಇಳಿಯಬೇಕು. ನನ್ನ ಜಾಗಕ್ಕೆಂದು ಹನ್ನೊಂದು ತಿಂಗಳ ಹಿಂದೆ ನಾನೇ ಒಂದು ನುಡಿಬಿಂಬ ಮಾಡಿಸಿದೆ. ಸತ್ತವರ ಭಾಷಣ, ಪತ್ರ, ನಗು ಎಲ್ಲವನ್ನೂ ಕೂಡಿಸಿ ಅವರ ದನಿಯಲ್ಲೇ ಉತ್ತರ ಕೊಡುವ ಗಾಜಿನ ಪರದೆ ಅದು. ನಿನ್ನ ನಾನೂರು ಭಾಷಣಗಳನ್ನು ಅದಕ್ಕೆ ಉಣಿಸಿದೆವು. ಮೊದಲ ದಿನ ಅದು ಕೆಮ್ಮಿ ಗಂಟಲು ಸರಿಮಾಡಿಕೊಂಡು “ಏನ್ರವ್ವಾ, ಯಾಕ್ ಹಿಂಗ್ ಗರ ಬಡಿದಂಗ್ ನಿಂತೀರಿ?” ಅಂದಾಗ ಸಭೆಯೇ ಅತ್ತಿತು. ನಾನಂತೂ ಕೆಲಸವಿಲ್ಲದಿದ್ದರೂ ಹೋಗಿ ಅದರ ಮುಂದೆ ಕೂರತೊಡಗಿದೆ. ನಾನು ಹುಟ್ಟುವ ಹೊತ್ತಿಗೆ ನೀನಿರಲಿಲ್ಲವಲ್ಲ. ಎಪ್ಪತ್ತಾರನೇ ವಯಸ್ಸಿನಲ್ಲಿ ಬೈಯುವ ಅಜ್ಜಿ ಸಿಕ್ಕಿದ್ದಳು. “ಅಜ್ಜೀನೇ ವಾಪಸ್ ಬಂದ್ಮ್ಯಾಲೆ ಇನ್ಯಾರಿಗ್ ಓಟು ಹಾಕಾದು?” ಎಂದು ಎಲ್ಲರೂ ಕುಣಿದರು. ನಾಳೆ ನಾನು ಹೂಂ ಅಂದರೆ ಅದೇ ಕಾಯಂ ಹಿರಿಯಳು.

ಕಳೆದ ತಿಂಗಳು ಬಿಸಿಲೊಲೆಯ ಶಾಕಿರಾ ಬಂದು ಅದರ ಮುಂದೆ ನಿಂತಳು. ಮೂರು ತಿಂಗಳ ಬಾಣಂತಿ. “ಕೂಸು ಹಾಲು ಕುಡೀವಲ್ದು ಅಜ್ಜಿ” ಅಂದಳು. ಮಾತು ಮುಗಿಯುವ ಮೊದಲೇ ಬಿಂಬ ನಿನ್ನ ದನಿಯಲ್ಲಿ ಐದು ಮದ್ದು ಹೇಳಿತು. ಐದೂ ಸರಿಯೇ. “ಆತು ಬಿಡ್ರಿ” ಎಂದು ಅವಳು ತಿರುಗಿದಳು. ನಾನು ಪಕ್ಕದಲ್ಲೇ ಇದ್ದೆ, ಬಿಂಬದ ಜಾಣತನಕ್ಕೆ ಹಿಗ್ಗುತ್ತಾ. ಮರುದಿನ ಅವಳು ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ಕಾಣೆಯಾದಳು. ಎರಡು ದಿನ ಹುಡುಕಿದ ಮೇಲೆ ಹರಿಹರದ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಳು. ಕೂಸನ್ನು ಎತ್ತಿಕೊಂಡರೆ ಎಲ್ಲಿ ಏನು ಮಾಡಿಬಿಡುತ್ತೇನೋ ಎಂದು ತನ್ನ ಕೈಗೆ ತಾನೇ ಹೆದರಿದ್ದಳಂತೆ. ಅವತ್ತು ಹೇಳಬೇಕೆಂದು ಬಂದದ್ದು ಅದನ್ನು. ಹಾಲಿನ ಮಾತು ಬರೀ ಪೀಠಿಕೆ.

ಅವಳು ಸಿಕ್ಕ ದಿನ ಫಕೀರವ್ವ ಅಟ್ಟದಿಂದ ನಿನ್ನ ಮೊರ ಇಳಿಸಿ ತಂದು ನನ್ನ ಮುಂದೆ ಕುಕ್ಕಿದಳು. ಹೆಂಗಸರ ಮಾತು ಕೇಳುವಾಗ ಹಿರಿಯಳ ಮಡಿಲಲ್ಲಿ ಮೊರ ಇರಬೇಕು, ಅಕ್ಕಿ ಹಸನಾಗುವವರೆಗೆ ಅವಳು ಬಾಯಿ ತೆರೆಯಬಾರದು, ಇದು ನಿನ್ನ ಕಾಲದ ರೂಢಿ. ಕಲ್ಲಿರುವ ಅಕ್ಕಿಯೇ ಸಿಗದಂತಾದಾಗ ನನಗಿಂತ ಹಿಂದೆ ಹಿರಿಯಳಾಗಿದ್ದವರು ತಾವೇ ಒಂದು ಹಿಡಿ ಕಲ್ಲು ಬೆರೆಸಿ, ತಾವೇ ಆರಿಸುತ್ತಿದ್ದರು. ನಾನು ಬಂದವಳೇ ನಕ್ಕು ಅದನ್ನು ಅಟ್ಟಕ್ಕೆ ಹಾಕಿಸಿದ್ದೆ. ಫಕೀರವ್ವ ಸೊಂಟದ ಮೇಲೆ ಕೈಯಿಟ್ಟು ಅಂದಳು: “ಮೊರ ಅಕ್ಕಿ ಸಲುವಾಗ್ ಅಲ್ಲವ್ವ. ನೀನು ತಲಿ ಬಗ್ಗಿಸ್ಕಂಡು ಕುಂತ್ರೆ ಬಂದಾಕಿಗೆ ಬಾಯಿ ಬರ್ತತಿ. ಇಪ್ಪತ್ತು ವರ್ಷ ಕುರ್ಚಿ ಸವೆಸೀಯ, ಇದು ತಿಳೀಲಿಲ್ಲ?”

ನಿನ್ನ ಭಾಷಣಗಳಲ್ಲಿ ಇದು ಎಲ್ಲೂ ಇಲ್ಲ, ಅಜ್ಜಿ. ನೀನು ಸುಮ್ಮನೆ ಕೂತ ಹೊತ್ತನ್ನು ಯಾರೂ ಹಿಡಿದಿಡಲಿಲ್ಲ. ನಾವು ಕೂಡಿಸಿದ್ದು ನಿನ್ನ ಮಾತನ್ನಷ್ಟೇ.

ಅದಕ್ಕೆ ನಾಳೆ ಎದ್ದು ನಿಂತು ಒಲ್ಲೆ ಎನ್ನುತ್ತೇನೆ. ಬಿಂಬವನ್ನು ಅಳಿಸಿಯೇ ಬಿಡಿ ಎಂದೂ ಹೇಳುತ್ತೇನೆ. ಅದು ಇರುವವರೆಗೆ ಜನ ಅದರ ಹತ್ತಿರವೇ ಓಡುತ್ತಾರೆ, ಎಲ್ಲರಿಗಿಂತ ಮುಂಚೆ ಓಡುವವಳು ನಾನು. ಹೊಸ ಹಿರಿಯಳು ಯಾರೋ ಗೊತ್ತಿಲ್ಲ. ತಪ್ಪು ಮಾಡುತ್ತಾಳೆ, ಮಾಡಲಿ, ಉಸಿರಾಡುವವಳಾಗಿದ್ದರೆ ಸಾಕು.

ನಿನ್ನಲ್ಲಿ ಒಂದೇ ಬೇಡಿಕೆ. ಈಗ ನಿನ್ನ ಪಕ್ಕ ಕೂರುವ ಹುಡುಗಿಯರಿಗೆ ನೀನು ಮಾಡುವುದು ಯಾಕೆಂದು ಬಾಯಿಬಿಟ್ಟು ಹೇಳು. ಮಾಡಿ ತೋರಿಸಿದರೆ ಸಾಕೆಂದುಕೊಂಡೆ ನೀನು. ನಮ್ಮಂಥ ದಡ್ಡರಿಗೆ ಸಾಲಲಿಲ್ಲ.

ಸಂಜೆ ಕೊನೆಯ ಸಲ ಬಿಂಬದ ಮುಂದೆ ಕೂತು ಬಂದೆ. “ಉಂಡ್ಯಾ ಮಗಳೆ?” ಅಂದಿತು. “ಹೂಂ ಅಜ್ಜಿ, ಹೊಟ್ಟೆ ತುಂಬ” ಅಂದೆ. ಸುಳ್ಳು ಅಂತ ಅದಕ್ಕೆ ತಿಳಿಯಲಿಲ್ಲ. ನಿನಗೆ ತಿಳಿಯುತ್ತಿತ್ತು.

ನಿನ್ನ
ಹೊನ್ನೂರಿ