ಗಾಳಿ, ಸ್ಪ್ರಿಂಗು ಮತ್ತು ನನ್ನ ತೂಕ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಎರಡು ಕೋಟುಗಳಿಗೆ ತೋಳು ಕೂರಿಸಿದೆ. ಮೂರನೆಯದು ಸುಕ್ಕು ಬಿತ್ತು, ಬಿಚ್ಚಿದೆ. ಊಟಕ್ಕೆ ಮುಂಚೆ ನನ್ನ ಟೈಲರ್ ಅಂಗಡಿಯ ಪಕ್ಕದ ಪಾರ್ಸೆಲ್ ಆಫೀಸಿಗೆ ನುಸುಳಿ ತೂಕದ ಯಂತ್ರದ ಮೇಲೆ ನಿಂತೆ. ತೊಂಬತ್ತೆರಡು ಕಿಲೋ. ಪಾರ್ಸೆಲಿನವನು ಪೆನ್ನಿನ ಮುಚ್ಚಳ ತೆಗೆದು, "ಎಲ್ಲಿಗೆ ಕಳಿಸ್ಬೇಕು ಸಾರ್?" ಅಂದ. ದರಿದ್ರದವನು.

ಮನೆಯಲ್ಲಿ ನೋಡಿಕೊಳ್ಳುವ ಹಾಗಿಲ್ಲ. ಅಲ್ಲಿನ ಯಂತ್ರದ ಸೆಲ್ ನಾನೇ ತೆಗೆದು ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಹೆಂಡತಿ ಕೇಳಿದಾಗಲೆಲ್ಲ "ಎಂಬತ್ತನಾಲ್ಕು" ಅನ್ನುತ್ತೇನೆ. ಹೋದ ವರ್ಷ ಗುಡ್ಡದಿಂದ ಮೌಂಟನ್ ಬೈಕ್ ಅನ್ನುವ ಸೈಕಲ್ ಸಮೇತ ಉರುಳಿ ಮಂಡಿ ತಿರುಚಿಕೊಂಡಾಗ ಡಾಕ್ಟರ್ ಹೇಳಿದ್ದು ಇಷ್ಟೇ, ತೂಕ ಇಳಿಸಿ ಅಂತ. ಹೆಂಡತಿ ಹೇಳಿದ್ದು ಬೇರೆ — "ರೇಸಿನ ದಿನ ನಾನೇ ತೂಕ ಹಾಕ್ತೀನಿ. ಎಂಬತ್ತೈದು ದಾಟಿದ್ರೆ ಬೈಕ್ ಮಾರಾಟ." ಸ್ಕೂಲಿನಲ್ಲಿ ಪಿಟಿ ಟೀಚರ್. ಮನೆಯಲ್ಲೂ ಕೊರಳಲ್ಲಿ ಸೀಟಿ. ಹೇಳಿದ ಮೇಲೆ ಮುಗಿಯಿತು.

ಗುಡ್ಡದಿಂದ ಸೈಕಲ್ ಇಳಿಸುವ ರೇಸ್ ಮಾರ್ಚ್ 23ಕ್ಕೆ. ನಲವತ್ತು ದಾಟಿದವರ ವಿಭಾಗ.

ಫೆಬ್ರವರಿ 9, ಭಾನುವಾರ, ಸಂಜೆ

ಮೈಯೆಲ್ಲ ನೋವು. ಗುಡ್ಡದ ತುದಿಯಿಂದ ಅರ್ಧದವರೆಗೆ ಬೆಣ್ಣೆ. ಆಮೇಲೆ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಬಿಸಿಯಾಗಿ ಬೇರೆಯದೇ ಬುದ್ಧಿ ತೋರಿಸಿತು. ಬೇರುಗಳ ಮೇಲೆ ಟಕಟಕಟಕ… ಸೀಟು ಎದ್ದೆದ್ದು ಒದೆಯಿತು. ಒಳಗೆ ಇರುವುದು ಗಾಳಿ ತಾನೇ. ಕಾದರೆ ಉಬ್ಬುತ್ತದೆ.

ಕೆಳಗೆ ಷಡ್ಡಕ ಆಗಲೇ ಹೆಲ್ಮೆಟ್ ತೆಗೆದು, ತಲೆ ಬಾಚಿಕೊಂಡು, ಕಾಫಿ ಕುಡಿಯುತ್ತಿದ್ದ. ಹೆಂಡತಿಯ ತಂಗಿಯ ಗಂಡ. ಕೆಲಸ ಕಣ್ಣಿನ ಡಾಕ್ಟರ್‌ದು, ಮೈ ಕಡ್ಡಿ. ನಾಲ್ಕು ವರ್ಷದಿಂದ ನನ್ನನ್ನು ಸೋಲಿಸುತ್ತಿದ್ದಾನೆ, ಅದೂ ನಗುನಗುತ್ತಾ.

"ಶಾಕ್ ಸರಿಯಿಲ್ಲ ಕಣಯ್ಯಾ. ಸ್ಪ್ರಿಂಗಿಂದು ಹಾಕಿಸ್ಲಾ ಅಂತ."

"ನಂದೂ ಗಾಳೀದೇ ಅಲ್ವಾ ಅಣ್ಣಾ? ಪಂಪ್ ತಗೊಳ್ಳಿ, ನಾಲ್ಕು ಸಲ ಒತ್ತಿ, ಆಯ್ತು. ಹಗುರ ಬೇರೆ. ಆ ಸ್ಪ್ರಿಂಗ್ ಯಾಕೆ? ಕಬ್ಬಿಣ ಹೊತ್ಕೊಂಡು ಓಡಾಡೋದು."

ಹಗುರದ ಮಾತು ನನ್ನ ಹೊಟ್ಟೆ ನೋಡಿಕೊಂಡೇ ಆಡಿದ. ಮೈ ಉರಿಯಿತು.

ನಿರ್ಧಾರ ಮಾಡಿದೆ. ಕಾಯಿಲ್, ಅಂದರೆ ಸ್ಪ್ರಿಂಗಿನ ಶಾಕ್! ಸ್ಪ್ರಿಂಗ್ ಬಿಸಿಯಾಗಿ ಮುನಿಸಿಕೊಳ್ಳುವುದಿಲ್ಲ. ಮೇಲೆ ಹೇಗೋ ಕೆಳಗೂ ಹಾಗೇ.

ಫೆಬ್ರವರಿ 10

ಒಂದು ತೊಡಕು. ಗಾಳಿಯಾದರೆ ನನ್ನ ತೂಕಕ್ಕೆ ಎಷ್ಟು ಬೇಕೋ ಅಷ್ಟು ನಾನೇ ಬಾಗಿಲು ಹಾಕಿಕೊಂಡು ತುಂಬಿಕೊಳ್ಳಬಹುದು. ಯಾರಪ್ಪನಿಗೂ ಗೊತ್ತಾಗುವುದಿಲ್ಲ. ಸ್ಪ್ರಿಂಗ್ ಹಾಗಲ್ಲ. ಸವಾರನ ತೂಕ ಹೇಳಿ ತರಿಸಬೇಕು. ಹೇಳಬೇಕಾದ್ದು ಯಾರಿಗೆ? ಸೈಕಲ್ ಅಂಗಡಿಯವಳಿಗೆ. ಸೈಕಲ್ ಅಂಗಡಿಯವಳು ಯಾರು? ನನ್ನ ನಾದಿನಿ. ಮಧ್ಯಾಹ್ನ ಅವಳ ಕಿವಿಗೆ ಬಿದ್ದದ್ದು ಸಂಜೆಗೆ ಅಕ್ಕನ ಕಿವಿಯಲ್ಲಿ.

ಗಾಳಿಯೋ, ಸ್ಪ್ರಿಂಗೋ… ಪ್ಯಾಂಟಿನ ಕಾಲು ಉಲ್ಟಾ ಹೊಲಿದೆ.

ಫೆಬ್ರವರಿ 11, ಮಂಗಳವಾರ

ಹೋದೆ. ಆಗಿದ್ದಾಗಲಿ ಅಂತ.

ನಾದಿನಿ ಯಾರದೋ ಶಾಕ್ ಬಿಚ್ಚಿ ಕೂತಿದ್ದಳು, ಮೊಣಕೈವರೆಗೂ ಎಣ್ಣೆ. "ತೂಕ ಎಷ್ಟು ಭಾವಾ?"

"ಎಂಬತ್ತನಾಲ್ಕು."

"ಹೆಲ್ಮೆಟ್ಟು, ಶೂಸು ಎಲ್ಲಾ ಸೇರಿ?"

"…ಸೇರಿ."

ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಸೊಂಟದ ಹತ್ತಿರ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. "ಸರಿ ಭಾವಾ, ತರಿಸ್ತೀನಿ," ಅಂದಳು. ಅಷ್ಟೇ! ಎಷ್ಟು ಒಳ್ಳೆಯ ಹುಡುಗಿ. ಆ ಷಡ್ಡಕನಿಗೆ ಹೇಗೆ ಸಿಕ್ಕಿದಳೋ.

ಅಂಗಡಿಗೆ ವಾಪಸ್ ಬಂದರೆ ಬ್ಯಾಂಕ್ ಮ್ಯಾನೇಜರ್ ಕಾಯುತ್ತಿದ್ದರು, ಮಗಳ ಮದುವೆಗೆ ಸೂಟು. ಟೇಪ್ ಸುತ್ತಿದೆ. ಹೊಟ್ಟೆ ಒಳಗೆಳೆದು ಉಸಿರು ಹಿಡಿದು ನಿಂತರು. ಮುಖ ಕೆಂಪಾಯಿತು. "ಮೂವತ್ತಾರು ಅಲ್ವಾ? ಮೊದಲಿಂದ್ಲೂ ಅಷ್ಟೇ," ಅಂದರು. "ಹೌದು ಸಾರ್, ಮೂವತ್ತಾರೇ," ಅಂದೆ. ಮೂವತ್ತೆಂಟಕ್ಕೆ ಗುರುತು ಹಾಕಿದೆ. ಇದು ನಮ್ಮ ಕಸುಬಿನ ಮರ್ಯಾದೆ. ಬಾಯಲ್ಲಿ ಗಿರಾಕಿ ಹೇಳಿದ್ದು, ಕತ್ತರಿಯಲ್ಲಿ ಇರುವುದು.

ಫೆಬ್ರವರಿ 14

ಎಂಬತ್ತನಾಲ್ಕಕ್ಕೆ ಬರುವ ಸ್ಪ್ರಿಂಗಿನ ಮೇಲೆ ತೊಂಬತ್ತೆರಡು ಕೂತರೆ? ಮೊದಲನೇ ಜಿಗಿತಕ್ಕೇ ತಳ ಮುಟ್ಟುತ್ತದೆ. ಮತ್ತೆ ಮಂಡಿ. ಮತ್ತೆ ಡಾಕ್ಟರ್. ಮತ್ತೆ ಸೀಟಿ.

ಬೈಕ್ ಹೋದರೆ ನನಗೇನಿದೆ? ವಾರವಿಡೀ ತಲೆ ಬಗ್ಗಿಸಿ ಊರವರ ಸೊಂಟ, ಊರವರ ಕುತ್ತಿಗೆ. ಭಾನುವಾರ ಆ ಗುಡ್ಡದ ಮೇಲೆ ತಲೆ ಎತ್ತುತ್ತೇನೆ. ಅದನ್ನು ಬಿಡಲಾರೆ. ಖಂಡಿತ ಬಿಡಲಾರೆ.

ದಾರಿ ಒಂದೇ. ಸ್ಪ್ರಿಂಗಿಗೆ ತಕ್ಕ ಹಾಗೆ ನಾನೇ ಆಗಬೇಕು. ಇವತ್ತಿನಿಂದ ಬೇಕರಿ ಬಂದ್.

ಫೆಬ್ರವರಿ 15

ಬೇಕರಿ ಮುಂದೆ ಹೋಗಬೇಕಾಯಿತು. ಬೆಣ್ಣೆ ಬನ್ನಿನ ವಾಸನೆ ರಸ್ತೆ ದಾಟಿ ಬಂದು ಹೆಗಲ ಮೇಲೆ ಕೈ ಹಾಕಿತು. ಬೇರೆ ರಸ್ತೆಯಿಂದ ಬಂದೆ.

ಫೆಬ್ರವರಿ 16

ಹಸಿವು.

ಮಾರ್ಚ್ 8, ಶನಿವಾರ

ಎಂಬತ್ತಾರು! ಪಾರ್ಸೆಲಿನವನೇ ಕೈ ಕುಲುಕಿದ. ಇಷ್ಟು ದಿನ ಏನೂ ಬರೆಯಲಿಲ್ಲ. ಪೆನ್ನು ಹಿಡಿದರೆ ತಿಂಡಿಯ ಹೆಸರುಗಳೇ ಬರುತ್ತಿದ್ದವು. ಸೌತೆಕಾಯಿ ಕಂಡರೆ ಈಗ ಕೋಪ ಬರುತ್ತದೆ. ಹೆಂಡತಿ, "ಪ್ಯಾಂಟ್ ಯಾಕ್ರೀ ಜಾರ್ತಿದೆ?" ಅಂದಳು. "ಬಟ್ಟೆ ಸಡಿಲ ಆಗಿದೆ," ಅಂದೆ. ಎಂಬತ್ತನಾಲ್ಕು ಅಂತ ಆಗಲೇ ಹೇಳಿಕೊಂಡು ಬಂದವನು, ಇಳಿದೆ ಅಂತ ಹೇಗೆ ಹೆಮ್ಮೆ ಪಡಲಿ? ಇಂಥ ಗ್ರಹಚಾರ ಯಾರಿಗೂ ಬೇಡ.

ಸ್ಪ್ರಿಂಗ್ ಬಂದಿದೆ. ನಾದಿನಿಯೇ ಕೂರಿಸಿಕೊಟ್ಟಳು. ಕೆಂಪು ಬಣ್ಣ, ದಪ್ಪ ಸುರುಳಿ. ನೋಡುತ್ತಾ ಕೂತೆ.

ಮಾರ್ಚ್ 16, ಭಾನುವಾರ

ಕಲ್ಲು. ಕಲ್ಲಿನ ಮೇಲೆ ಕೂತು ಇಳಿದ ಹಾಗಾಯಿತು. ಮೃದುವಾಗಿ ಮುಳುಗುತ್ತದೆ ಅಂತ ಹೆದರಿದ್ದರೆ ಇದು ಬಗ್ಗುವುದೇ ಇಲ್ಲ. ಸ್ಪ್ರಿಂಗನ್ನು ಬಿಗಿಹಿಡಿಯುವ ಕಾಲರ್ ಸಡಿಲಿಸಿದೆ. ಇನ್ನೂ ಸಡಿಲಿಸಿದರೆ ಸ್ಪ್ರಿಂಗೇ ಗಲಗಲ. ಟೇಪ್ ಹಿಡಿದು ನೋಡಿದೆ: ಸೀಟಿನ ಮೇಲೆ ಕೂತಾಗ ಶಾಕ್ ಎಷ್ಟು ಕುಸಿಯಬೇಕೋ ಅಷ್ಟು ಕುಸಿಯುತ್ತಲೇ ಇಲ್ಲ. ಎಂಬತ್ತನಾಲ್ಕರವನಿಗೆ ಬಂದ ಸ್ಪ್ರಿಂಗು, ಕೂತವನು ಎಂಬತ್ತೈದು. ಮತ್ತೇನಾಯಿತು ಇದಕ್ಕೆ?

ಷಡ್ಡಕ ಕೆಳಗೆ ಕಾಫಿ ಕುಡಿಯುತ್ತಿದ್ದ. "ಗಾಳಿ ಆಗಿದ್ರೆ ಸ್ವಲ್ಪ ಬಿಟ್ಟಿದ್ರೆ ಸಾಕಿತ್ತು ಅಣ್ಣಾ." ಕಾಫಿ ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಎಷ್ಟು ಚೆನ್ನಾಗಿ ಬಾಚಿರುತ್ತಾನೆ.

ಮಾರ್ಚ್ 19, ಬುಧವಾರ

ಮ್ಯಾನೇಜರ್ ಬಂದರು, ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಸಿಟ್ಟು ಮೂಗಿನ ತುದಿಯಲ್ಲಿ.

"ಏನ್ರೀ ಇದು? ಬಿಟ್ರೆ ಬೀಳತ್ತೆ! ನಾನು ಮೂವತ್ತಾರು ಅಂದಿದ್ದೆ ತಾನೆ? ಆ ಮೂವತ್ತಾರಕ್ಕೆ ಇಳೀಬೇಕು ಅಂತ ತಿಂಗಳಿಂದ ರಾತ್ರಿ ಊಟ ಬಿಟ್ಟಿದೀನಿ!"

"ಸಾರ್, ನಾನು ಸ್ವಲ್ಪ… ಧಾರಾಳವಾಗಿ ಇಟ್ಟಿದ್ದೆ."

"ಯಾರು ಕೇಳಿದ್ರು ನಿಮ್ಮ ಧಾರಾಳ?"

ಹೊಲಿಗೆ ಬಿಚ್ಚುತ್ತಾ ಬಿಚ್ಚುತ್ತಾ ಕೈ ನಿಂತಿತು. ಅಯ್ಯೋ! ನಾದಿನಿ! ತಲೆಯಿಂದ ಕಾಲಿನವರೆಗೆ ನೋಡಿದಳಲ್ಲ… ನಾನು ಗಿರಾಕಿಗಳಿಗೆ ಮಾಡುವುದನ್ನೇ ಅವಳು ನನಗೆ ಮಾಡಿದ್ದಾಳೆ. ಬಾಯಲ್ಲಿ "ಸರಿ ಭಾವಾ," ತರಿಸಿದ್ದು ತೊಂಬತ್ತೆರಡಕ್ಕೆ.

ಈಗ ಹೋಗಿ ಬದಲಿಸಿಕೊಡು ಅಂದರೆ? "ಯಾಕೆ ಭಾವಾ, ನೀವು ಹೇಳಿದ ತೂಕಕ್ಕೇ ಅಲ್ವಾ?" ಅನ್ನುತ್ತಾಳೆ. ಅಲ್ಲಿಗೆ ಸುಳ್ಳು ಬಯಲು. ಸುಳ್ಳು ನಿಜವಾದ ಮೇಲೂ ಸುಳ್ಳು ಹೇಳಿದವನಾಗಿ ಉಳಿಯಬೇಕೆ? ಬಾಯಿ ಮುಚ್ಚಿಕೊಂಡು ಬೇರೆ ಉಪಾಯ ಹುಡುಕಬೇಕು.

ಮಾರ್ಚ್ 20

ಹೊಳೆಯಿತು. ಪರದೆಗಳು ಗಾಳಿಗೆ ಹಾರಬಾರದು ಅಂತ ಅಂಚಿನಲ್ಲಿ ಹೊಲಿಯುವ ಸೀಸದ ಬಿಲ್ಲೆಗಳು! ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇವೆ. ರೇಸ್ ಜಾಕೆಟ್ಟಿನ ಅಸ್ತರಿನೊಳಗೆ ಸಾಲುಸಾಲಾಗಿ ಹೊಲಿದೆ, ಸೊಂಟದ ಸುತ್ತ ಹೆಚ್ಚು. ಒಟ್ಟು ಏಳು ಕಿಲೋ. ಹಾಕಿಕೊಂಡು ಸೀಟಿನ ಮೇಲೆ ಕೂತೆ. ಶಾಕ್ ಹದವಾಗಿ ಕುಸಿಯಿತು. ಆಹಾ! ಹೊರಗಿನಿಂದ ಒಂದು ಹೊಲಿಗೆಯೂ ಕಾಣುವುದಿಲ್ಲ. ಇಷ್ಟು ವರ್ಷದ ಕಸುಬು ಸಾರ್ಥಕ.

ಬೆಳಿಗ್ಗೆ ಮನೆಯಲ್ಲಿ ಬನಿಯನ್ನಿನಲ್ಲಿ ತೂಕ, ಎಂಬತ್ತನಾಲ್ಕು. ಗುಡ್ಡದ ಮೇಲೆ ಜಾಕೆಟ್, ತೊಂಬತ್ತೊಂದು. ಹೆಂಡತಿಗೂ ಸರಿ, ಸ್ಪ್ರಿಂಗಿಗೂ ಸರಿ.

ಗುಂಡಿ ಡಬ್ಬಿಯಿಂದ ಸೆಲ್ ತೆಗೆದು ವಾಪಸ್ ಹಾಕಿದೆ.

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ಹೆಂಡತಿ ಮನೆಯಲ್ಲಿ ಇಲ್ಲ! ಟೈಮ್ ನೋಡುವವರಲ್ಲಿ ಒಬ್ಬರು ಬರಲಿಲ್ಲವಂತೆ, ಇವಳನ್ನು ಕರೆಸಿಕೊಂಡಿದ್ದಾರೆ. ಬಾಗಿಲ ಮೇಲೆ ಚೀಟಿ: ತೂಕ ಅಲ್ಲೇ ಹಾಕ್ತೀನಿ. ತೂಕದ ಯಂತ್ರವೂ ಇಲ್ಲ. ಪರವಾಗಿಲ್ಲ, ಅಲ್ಲಿ ಜಾಕೆಟ್ ತೆಗೆದು ನಿಂತರಾಯಿತು. ಸೈಕಲ್‌ಗಳನ್ನು ಗುಡ್ಡದ ತುದಿಗೆ ಒಯ್ಯುವ ಜೀಪು ಬಂತು.

ಅದೇ ದಿನ, ರಾತ್ರಿ

ಸರಿಯಾಗಿ ಬರೆಯಬೇಕು.

ಗುಡ್ಡದ ತುದಿಯಲ್ಲಿ ಯಂತ್ರ ಇಟ್ಟುಕೊಂಡು ನಿಂತಿದ್ದಳು. ಪಕ್ಕದಲ್ಲಿ ನಾದಿನಿ, ಷಡ್ಡಕ. ಜಾಕೆಟ್ಟಿನ ಜಿಪ್ಪಿಗೆ ಕೈ ಹಾಕಿದೆ. "ಇರ್ಲಿ ಬಿಡ್ರೀ, ಜಾಕೆಟ್ ಏನು ಮಹಾ ತೂಕ," ಅಂತ ತೋಳು ಹಿಡಿದು ಹತ್ತಿಸಿಯೇ ಬಿಟ್ಟಳು.

ತೊಂಬತ್ತೆರಡೂವರೆ.

ಷಡ್ಡಕ ಶಿಳ್ಳೆ ಹಾಕಿದ. ಹೆಂಡತಿ ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಷ್ಟು ದಿನ ಎಂಬತ್ತನಾಲ್ಕು ಅಂತಿದ್ರಲ್ರೀ… ನಂಗೆ ಬೈಕಿನ ಮೇಲೆ ಸಿಟ್ಟಾ? ಆ ದಿನ ಆಸ್ಪತ್ರೇಲಿ ನಾನು ಹೇಗೆ ಕೂತಿದ್ದೆ ಅಂತ ನಿಮಗೆ ಗೊತ್ತಾ?"

ಮಾನ ಹೋದರೆ ಹೋಗಲಿ ಅಂತ ಜಿಪ್ ಎಳೆದು ಜಾಕೆಟ್ ಅವಳ ಕೈಗೆ ಕೊಟ್ಟೆ. ಕೈ ಧೊಪ್ಪೆಂದು ಕೆಳಗೆ ಹೋಯಿತು. ಯಂತ್ರ ಎಂಬತ್ತೈದು ತೋರಿಸಿತು. ಕೂದಲೆಳೆಯಷ್ಟೂ ಮೇಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ — ಸೆಲ್ಲು, ಪಾರ್ಸೆಲ್ ಆಫೀಸು, ಬನ್ನು, ಸೀಸ.

ಹೆಂಡತಿ ನಗತೊಡಗಿದಳು. ಜಾಕೆಟ್ ತಬ್ಬಿಕೊಂಡು ನೆಲಕ್ಕೆ ಕೂತೇ ನಕ್ಕಳು. "ಇಳಿಸಿದ ತೂಕಾನ ಮತ್ತೆ ಹೊಲಿದು ಹಾಕ್ಕೊಂಡೋರು ಪ್ರಪಂಚದಲ್ಲಿ ನೀವೊಬ್ರೇ ಕಣ್ರೀ!" ಕಣ್ಣು ಒರೆಸಿಕೊಂಡು ಹೇಳಿದಳು, "ಬೈಕ್ ನಿಮ್ಮದೇ. ಜಾಕೆಟ್ ಮಾತ್ರ ನನ್ನ ಹತ್ರ ಇರ್ಲಿ."

ಅಂದರೆ ಮತ್ತೆ ಕಲ್ಲು.

ಆಗ ನಾದಿನಿ ಚೀಲಕ್ಕೆ ಕೈ ಹಾಕಿ ಇನ್ನೊಂದು ಕೆಂಪು ಸ್ಪ್ರಿಂಗ್ ತೆಗೆದಳು. "ಅವತ್ತೇ ಎರಡು ತರಿಸಿದ್ದೆ ಭಾವಾ. ನೀವು ಹೇಳಿದ್ದಕ್ಕೊಂದು, ನೀವು ಇದ್ದಿದ್ದಕ್ಕೊಂದು. ಕೇಳ್ತೀರಿ ಕೇಳ್ತೀರಿ ಅಂತ ವಾರದಿಂದ ಚೀಲದಲ್ಲಿ ಹೊತ್ಕೊಂಡು ತಿರುಗ್ತಿದೀನಿ."

ನನ್ನ ಸರದಿ ಬರುವಷ್ಟರಲ್ಲಿ ಬದಲಿಸಿಬಿಟ್ಟಳು.

ಇಳಿದೆ. ಬೇರುಗಳು ಇದ್ದವೋ ಇಲ್ಲವೋ ಗೊತ್ತೇ ಆಗಲಿಲ್ಲ. ಮೇಲೆ ಹೇಗೋ ಕೆಳಗೂ ಹಾಗೇ. ಕೊನೆಯ ತಿರುವಿನಲ್ಲಿ ನಾನೇ ಏನೋ ಕೂಗಿಕೊಂಡೆ. ಆಮೇಲೆ ಷಡ್ಡಕ ಇಳಿದ. ಈ ಸಲ ಕಾಫಿ ಹಿಡಿದು ಕಾಯುತ್ತಿದ್ದವನು ನಾನು, ಗಡಿಯಾರವೂ ನನ್ನ ಕಡೆಗಿತ್ತು. ತಲೆ ಬಾಚಿಕೊಳ್ಳುವುದನ್ನು ಮಾತ್ರ ಮರೆತೆ.

ಮಾರ್ಚ್ 30, ಭಾನುವಾರ

ಸಂಜೆ ನಾದಿನಿ, ಷಡ್ಡಕ ಇಬ್ಬರೂ ಮನೆಗೆ ಬಂದಿದ್ದರು. ಷಡ್ಡಕ ಅತ್ತ ಇತ್ತ ನೋಡಿ, ಕೆಮ್ಮಿ, ತನ್ನ ಹೆಂಡತಿಗೆ ಮೆಲ್ಲಗೆ ಹೇಳಿದ, "ನಂಗೂ ಒಂದು ಕಾಯಿಲ್ ತರಿಸ್ತೀಯಾ? ಸುಮ್ನೆ, ನೋಡೋಣ ಅಂತ."

"ತೂಕ ಎಷ್ಟು?"

ಷಡ್ಡಕ ಬೆನ್ನು ನೆಟ್ಟಗೆ ಮಾಡಿದ. ಎದೆ ಉಬ್ಬಿಸಿದ. ಆ ಕಡ್ಡಿ! "ಎಪ್ಪತ್ತು," ಅಂದ. ಅರವತ್ತು ಕಿಲೋ ದಾಟಿದವನಲ್ಲ, ಅವನ ಸೊಂಟ ನನಗೆ ಗೊತ್ತು, ಅವನ ಪ್ಯಾಂಟ್ ಹೊಲಿಯುವವನು ನಾನು.

ನಾದಿನಿ ತಲೆ ಎತ್ತಲೇ ಇಲ್ಲ. "ಎರಡು ತರಿಸ್ತೀನಿ ಬಿಡಿ," ಅಂದಳು.

ನಾನು ನಗಲಿಲ್ಲ. ಎದ್ದು ಅಡುಗೆಮನೆಗೆ ಬಂದು ಬಾಗಿಲ ಹಿಂದೆ ನಿಂತು ನಕ್ಕೆ. ಹಾಗೇ ಇದನ್ನು ಬರೆದುಬಿಡೋಣ ಅಂತ… ಒಂದು ಕೈಯಲ್ಲಿ ಪೆನ್ನು. ಇನ್ನೊಂದರಲ್ಲಿ ಬೆಣ್ಣೆ ಬನ್ನು, ಒಂದೇ ಒಂದು, ಅದೂ ಗೆದ್ದದ್ದಕ್ಕೆ. ಹೊರಗೆ ಹೆಂಡತಿಯ ಸೀಟಿ ಊದುತ್ತಿದೆ. ಇವತ್ತು ಭಾನುವಾರ, ಇನ್ನು ಮೇಲೆ ಪ್ರತಿ ಭಾನುವಾರ ತೂಕ ಅಂತ ಹೇಳಿದ್ದಳು, ಮರೆತೇ ಹೋ…