ತೊಳೆಯದ ಕಲ್ಲು

ಕ್ಲಾಮತ್ ನದಿ ದಡ, ಭಾನುವಾರ

ಅಕ್ಕಾ,

ಕಾಡ್ಗಿಚ್ಚು ಹಾದುಹೋದ ಮೇಲೆ ನಮ್ಮದೇ ಅಂಗಳ ನನಗೆ ಗುರುತು ಸಿಗಲಿಲ್ಲ. ನೀನು ಕೇಳಿದ್ದ, ನೀರು ಸೋರದಂತೆ ಹೆಣೆದ ಅಮ್ಮನ ಅಡುಗೆ ಬುಟ್ಟಿ ಸುಟ್ಟುಹೋಗಿದೆ. ಓಕ್ ಕಾಯಿಯ ಗಂಜಿ ಕುದಿಯಲೆಂದು ಅವಳು ಕೆಂಡದಲ್ಲಿ ಕಾಯಿಸಿ ಬುಟ್ಟಿಗೆ ಹಾಕುತ್ತಿದ್ದ ಕಲ್ಲುಗಳು ಮಾತ್ರ ಸಿಕ್ಕವು. ಚಿಕ್ಕಮ್ಮ ಅಭ್ಯಾಸದಂತೆ ಅವನ್ನು ನೀರಿನಲ್ಲಿ ಅದ್ದಿ ತೊಳೆಯುತ್ತಾ, ಮೆತ್ತಿದ್ದ ಪುಡಿ ತೋರಿಸಿ ನಮ್ಮವರ ಮಾತಿನಲ್ಲಿ "ಅಮ್ತಾಪ್" ಎಂದಳು.

"ಹಾಗಂದ್ರೆ ಧೂಳಾ, ಬೂದಿನಾ?"

"ಎರಡಕ್ಕೂ ಅದೇ ಕಣೇ. ಕಲ್ಲು ತೊಳೀದೆ ಗಂಜಿಗೆ ಹಾಕಿದ್ರೆ ನಿಮ್ಮಮ್ಮ ಅದನ್ನೇ ಹೇಳಿ ಬೈತಿದ್ಲಲ್ಲ! ಇಬ್ಬರೂ ಬೈಸ್ಕೊಂಡ್ರಿ, ನಮ್ಮ ಮಾತು ಮಾತ್ರ ಕಲೀಲಿಲ್ಲ."

ನಿಜ. ಅಮ್ಮ ಇದ್ದಾಗ ಕೇಳಬಹುದಿತ್ತು.

ಹೊಗೆಗೆ ಸ್ವಲ್ಪ ಕೆಮ್ಮಿದೆ, ಗಾಬರಿಯಾಗಬೇಡ. ಚಿಕ್ಕಮ್ಮನ ಕಣ್ಣು ತಪ್ಪಿಸಿ ಒಂದು ಕಲ್ಲನ್ನು ತೊಳೆಯದೆ ನಿನಗೆಂದು ಇಟ್ಟಿದ್ದೇನೆ. ಅಮ್ಮನ ಬುಟ್ಟಿಯದೆಂದು ಉಳಿದ ಬೂದಿ ಅದರ ಮೇಲಿದೆ.

ನಿನ್ನ ತಂಗಿ,
ಡೆಲ್ಲಾ